ಜಪಾನಿ ಮದುವೆಯ ಮೂರು ಬಟ್ಟಲು: ಸಾನ್‌ಸಾನ್‌ಕುದೊಗೆ ಕೂರುವ ಮುಂಚೆ

ಮಗನಿಗೋ ಮಗಳಿಗೋ ಜಪಾನಿನ ಸಂಬಂಧ ಕೂಡಿಬಂದಿದೆ, ಮದುವೆ ಅಲ್ಲಿನ ಮೂಲ ಧರ್ಮವಾದ ಶಿಂತೋದ ಗುಡಿಯಲ್ಲಿ. ಅಥವಾ ಮದುವೆಯಾಗುತ್ತಿರುವವರು ನೀವೇ. ಹಾಗಿದ್ದರೆ ಕಿಮೋನೋ, ಫೋಟೋ, ಊಟ, ಹೋಟೆಲ್ ಇವನ್ನೆಲ್ಲ ಯಾರಾದರೂ ನೋಡಿಕೊಳ್ಳುತ್ತಾರೆ. ನೀವು ನಿಜವಾಗಿ ಕಲಿತುಕೊಂಡು ಹೋಗಬೇಕಾದದ್ದು ಒಂದೇ: ಗಂಡು ಹೆಣ್ಣು ಇಬ್ಬರೂ ಮೂರು ಬಟ್ಟಲಿನಿಂದ ಸಾಕೆ, ಅಂದರೆ ಜಪಾನಿನ ಅಕ್ಕಿಯ ಮದ್ಯ, ಕುಡಿಯುವ ಶಾಸ್ತ್ರ. ಅದರ ಹೆಸರು ಸಾನ್‌ಸಾನ್‌ಕುದೊ. ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದರೆ ನಮ್ಮಲ್ಲಿ ತಾಳಿ ಕಟ್ಟುವ ಗಳಿಗೆಗೆ ಎಷ್ಟು ತೂಕವೋ ಅಲ್ಲಿ ಇದಕ್ಕೆ ಅಷ್ಟೇ ತೂಕ. ಹಾಗಾಗಿ ಇದನ್ನು ಫೋಟೋಗೆ ಮಾಡುವ ಒಂದು ಭಂಗಿ ಅಂತ ತಿಳಿದುಕೊಂಡು ಹೋಗಬೇಡಿ. ಅಲ್ಲಿ ಕೂತಿರುವ ಹಿರಿಯರು ನಿಮ್ಮ ಕೈ, ನಿಮ್ಮ ತುಟಿ, ನಿಮ್ಮ ನಿಧಾನ ಎಲ್ಲವನ್ನೂ ನೋಡುತ್ತಿರುತ್ತಾರೆ.

ಮೊದಲು ಎದುರಿಗೆ ಏನೇನು ಇರುತ್ತದೆ ಅಂತ ನೋಡೋಣ. ಒಂದರ ಮೇಲೊಂದು ಕೂರಿಸಿದ ಮೂರು ಬಟ್ಟಲು. ಮೇಲೆ ಚಿಕ್ಕದು, ನಡುವೆ ಮಧ್ಯಮ, ಕೆಳಗೆ ದೊಡ್ಡದು. ಇವಕ್ಕೆ ಸಕಜುಕಿ ಅನ್ನುತ್ತಾರೆ. ಸಾಮಾನ್ಯವಾಗಿ ಮರದವು, ಮೇಲೆ ಕೆಂಪು ಅರಗಿನ ಬಣ್ಣ. ಕೆಲವು ಗುಡಿಗಳಲ್ಲಿ ಹೊಳಪು ಕೊಡದ ಬಿಳಿ ಮಣ್ಣಿನ ಬಟ್ಟಲು ಇರುತ್ತವೆ. ಬಟ್ಟಲು ಅಂದ ತಕ್ಷಣ ಆಳವಾದ ಪಾತ್ರೆ ನೆನಪಿಗೆ ಬರುತ್ತದೆ ಅಲ್ವಾ, ಇದು ಹಾಗಲ್ಲ. ಕಾಫಿ ಸಾಸರಿನಷ್ಟೇ ಚಪ್ಪಟೆ, ತಳಕ್ಕೆ ಒಂದು ಸಣ್ಣ ಪಾದ. ಸಾಕೆ ಅದರಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ, ಸ್ವಲ್ಪ ವಾಲಿದರೂ ಅಂಚಿಗೆ ಬಂದುಬಿಡುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಅಭ್ಯಾಸದ ಮಾತು ಬಂದಾಗ ಬೇಕಾಗುತ್ತದೆ.

ಸಾಕೆ ಹೊಯ್ಯುವುದು ಮಿಕೊಗಳ ಕೆಲಸ. ಗುಡಿಯಲ್ಲಿ ಸೇವೆ ಮಾಡುವ ಹೆಣ್ಣುಮಕ್ಕಳಿಗೆ ಹಾಗನ್ನುತ್ತಾರೆ. ಮೇಲೆ ಬಿಳಿ ಅಂಗಿ, ಕೆಳಗೆ ಕೆಂಪು ಹಕಾಮ. ಅವರ ಕೈಯಲ್ಲಿ ಉದ್ದ ಹಿಡಿಯ ಒಂದು ಪಾತ್ರೆ ಇರುತ್ತದೆ, ಅದು ಚೋಶಿ. ತೂಗುಹಿಡಿ ಇರುವ ಇನ್ನೊಂದು ಪಾತ್ರೆಯೂ ಇರಬಹುದು. ಅವಕ್ಕೆ ಕಾಗದದಲ್ಲಿ ಮಾಡಿದ ಚಿಟ್ಟೆ ಕಟ್ಟಿರುತ್ತಾರೆ, ಒಂದು ಗಂಡು, ಒಂದು ಹೆಣ್ಣು. ಒಳಗಿರುವುದು ದೇವರ ಮುಂದೆ ಇಟ್ಟ ಸಾಕೆ, ಓಮಿಕಿ. ನಮ್ಮ ತೀರ್ಥ ಇದ್ದ ಹಾಗೆ ಅಂತ ಮನೆಯವರಿಗೆ ಹೇಳಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಯಾವಾಗ, ಯಾವ ಕ್ರಮದಲ್ಲಿ

ಗುಡಿಯೊಳಗೆ ದೇವರ ಕಡೆ ಮುಖ ಮಾಡಿ ನಿಂತರೆ ಬಲಗಡೆ ಗಂಡು, ಎಡಗಡೆ ಹೆಣ್ಣು. ಅವರವರ ಮನೆಯವರೂ ಅದೇ ಪ್ರಕಾರ ಎರಡು ಬದಿಗೆ ಕೂರುತ್ತಾರೆ. ಅರ್ಚಕರು ಮೊದಲು ಎಲ್ಲರನ್ನೂ ಶುದ್ಧಿ ಮಾಡುತ್ತಾರೆ, ಆಮೇಲೆ ಮದುವೆಯ ವಿಷಯವನ್ನು ದೇವರಿಗೆ ಓದಿ ಹೇಳುತ್ತಾರೆ. ಅದಾದ ಮೇಲೆ ಬಟ್ಟಲು ಬರುತ್ತದೆ. ಹೆಚ್ಚಿನ ಕಡೆ ಈಗ ಕುರ್ಚಿ ಹಾಕಿರುತ್ತಾರೆ, ಮಂಡಿಯೂರಿ ಕೂರಬೇಕಾಗುತ್ತದೆ ಅಂತ ಹೆದರಬೇಕಿಲ್ಲ.

ಕ್ರಮ ಹೀಗಿದೆ. ಚಿಕ್ಕ ಬಟ್ಟಲು ಮೊದಲು ಗಂಡಿಗೆ, ಆಮೇಲೆ ಹೆಣ್ಣಿಗೆ, ಮತ್ತೆ ಗಂಡಿಗೆ. ಮಧ್ಯದ ಬಟ್ಟಲು ಮೊದಲು ಹೆಣ್ಣಿಗೆ, ಆಮೇಲೆ ಗಂಡಿಗೆ, ಮತ್ತೆ ಹೆಣ್ಣಿಗೆ. ದೊಡ್ಡದು ಪುನಃ ಗಂಡಿನಿಂದ ಶುರುವಾಗಿ ಹೆಣ್ಣಿಗೆ ಹೋಗಿ ಗಂಡಿನಲ್ಲಿ ಮುಗಿಯುತ್ತದೆ. ಮೂರು ಬಟ್ಟಲು, ಒಂದೊಂದಕ್ಕೆ ಮೂರು ಸರದಿ, ಒಟ್ಟು 9. ಇದು ಪೂರ್ತಿ ರೀತಿ. ಈಗ ಬಹಳ ಗುಡಿಗಳಲ್ಲಿ ಇದನ್ನು ಚಿಕ್ಕದು ಮಾಡಿದ್ದಾರೆ: ಚಿಕ್ಕ ಬಟ್ಟಲು ಗಂಡಿನಿಂದ ಹೆಣ್ಣಿಗೆ, ಮಧ್ಯದ್ದು ಹೆಣ್ಣಿನಿಂದ ಗಂಡಿಗೆ, ದೊಡ್ಡದು ಗಂಡಿನಿಂದ ಹೆಣ್ಣಿಗೆ, ಅಷ್ಟೇ. ಆಗಲೂ ಒಬ್ಬೊಬ್ಬರು ಒಂದೊಂದು ಬಟ್ಟಲನ್ನು ಮೂರು ಗುಟುಕಿನಲ್ಲಿ ಕುಡಿಯುವುದರಿಂದ ಲೆಕ್ಕ 9ಕ್ಕೇ ಬಂದು ನಿಲ್ಲುತ್ತದೆ. ನಿಮ್ಮ ಗುಡಿಯಲ್ಲಿ ಯಾವ ರೀತಿ ಅಂತ ಮುಂಚೆಯೇ ಕೇಳಿಬಿಡಿ. ಇಂಟರ್‌ನೆಟ್ಟಿನಲ್ಲಿ ನೋಡಿದ ವಿಡಿಯೋ ಒಂದು, ಅಲ್ಲಿ ನಡೆಯುವುದು ಇನ್ನೊಂದು ಆದರೆ ಕೈ ತಡವರಿಸುತ್ತದೆ.

ಮಿಕೊ ಚೋಶಿಯನ್ನು ಮೂರು ಸಲ ಬಗ್ಗಿಸುತ್ತಾರೆ. ಮೊದಲ ಎರಡು ಸಲ ಸುಮ್ಮನೆ ಹೊಯ್ದ ಹಾಗೆ, ಮೂರನೇ ಸಲ ನಿಜವಾಗಿ ಹೊಯ್ಯುತ್ತಾರೆ. ಕುಡಿಯುವುದೂ ಅದೇ ಲಯದಲ್ಲಿ. ಬಟ್ಟಲನ್ನು ತುಟಿಗೆ ತಾಗಿಸಿ ಕೆಳಗೆ ತನ್ನಿ, ಮತ್ತೊಮ್ಮೆ ತಾಗಿಸಿ ತನ್ನಿ, ಮೂರನೇ ಸಲಕ್ಕೆ ಕುಡಿದುಬಿಡಿ. ಒಂದೇ ಗುಟುಕಿಗೆ ಎತ್ತಿ ಕುಡಿದು ವಾಪಸ್ ಕೊಟ್ಟರೆ ಯಾರೂ ಬೈಯುವುದಿಲ್ಲ, ಆದರೆ ಶಾಸ್ತ್ರದ ಚಂದ ಹಾಳಾಗುತ್ತದೆ. ಬಟ್ಟಲು ತೆಗೆದುಕೊಳ್ಳುವುದು, ಹಿಡಿಯುವುದು, ಕೊಡುವುದು ಎಲ್ಲ ಎರಡೂ ಕೈಯಲ್ಲಿ. ಬಲಗೈ ಅಂಚಿಗೆ, ಎಡಗೈ ತಳಕ್ಕೆ. ಮಿಕೊ ಬಟ್ಟಲು ಕೊಟ್ಟಾಗ ಸ್ವಲ್ಪ ತಲೆ ಬಾಗಿಸಿ.

ಮೂರೇ ಯಾಕೆ, ಒಂದೇ ಬಟ್ಟಲು ಯಾಕೆ

ಮೂರು ಬಟ್ಟಲಿಗೆ ಜಪಾನಿನಲ್ಲಿ ಸಾಮಾನ್ಯವಾಗಿ ಹೇಳುವ ಅರ್ಥ ಹೀಗೆ. ಚಿಕ್ಕದು ಹಿಂದಿನದು, ನಮ್ಮನ್ನು ಇಲ್ಲಿಗೆ ತಂದ ಹಿರಿಯರಿಗೆ ಕೃತಜ್ಞತೆ. ಮಧ್ಯದ್ದು ಈಗಿನದು, ಇಬ್ಬರೂ ಸೇರಿ ಕಟ್ಟುವ ಬದುಕು. ದೊಡ್ಡದು ಮುಂದಿನದು, ಮನೆ, ಮಕ್ಕಳು, ಸುಖ. ಆಕಾಶ, ಭೂಮಿ, ಮನುಷ್ಯ ಅಂತ ಹೇಳುವವರೂ ಇದ್ದಾರೆ. ಅಂಕಿಯ ಲೆಕ್ಕ ಇನ್ನೂ ಸುಲಭ: ಬೆಸ ಸಂಖ್ಯೆಯನ್ನು ಎರಡು ಸಮಪಾಲು ಮಾಡಲಾಗದು, ಹಾಗಾಗಿ ಮದುವೆಗೆ ಅದೇ ಒಳ್ಳೆಯದು. ಮೂರು ಮೂರಲ ಒಂಬತ್ತು, ಬೆಸ ಅಂಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಮುಯ್ಯಿ ಕವರಿನಲ್ಲಿ 500ರ ಜೊತೆ ಒಂದು ರೂಪಾಯಿ ಸೇರಿಸಿ 501 ಮಾಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯೂ ಮದುವೆಗೆ ಹೋದವರು 30,000 ಯೆನ್, ಅಂದರೆ 10,000ದ ಮೂರು ನೋಟು ಕೊಡುವುದು ರೂಢಿ, ಅದೇ ಕಾರಣಕ್ಕೆ.

ಆದರೆ ನನಗೆ ಇದರಲ್ಲಿ ತುಂಬಾ ಮುಖ್ಯ ಅನ್ನಿಸುವುದು ಅಂಕಿಯಲ್ಲ. ಬಟ್ಟಲು ಇಬ್ಬರ ನಡುವೆ ಓಡಾಡುವುದು. ಒಬ್ಬರ ತುಟಿ ತಾಗಿದ ಕಡೆಗೆ ಇನ್ನೊಬ್ಬರ ತುಟಿ ತಾಗುವುದು, ಅದೂ ಎರಡೂ ಕುಟುಂಬದ ಕಣ್ಣೆದುರಿಗೆ. ಈ ಪದ್ಧತಿ ಬೆಳೆದದ್ದು ಸಮುರಾಯಿಗಳ ಮನೆಗಳಲ್ಲಿ. ಮುರೊಮಾಚಿ ಕಾಲದಿಂದಲೂ (14ರಿಂದ 16ನೇ ಶತಮಾನ) ಅವರಲ್ಲಿ ಮೂರು ಸುತ್ತು ಸಾಕೆ ಕುಡಿಯುವ ಮರ್ಯಾದೆ ಇತ್ತು. ಅತಿಥಿ ಬಂದಾಗ, ಯುದ್ಧಕ್ಕೆ ಹೊರಟಾಗ, ಸಂಬಂಧ ಗಟ್ಟಿ ಮಾಡುವಾಗ. ಬಟ್ಟಲು ಹಂಚಿಕೊಂಡವರು ಆಮೇಲೆ ಬೇರೆಯವರಲ್ಲ, ಇದೇ ಅದರ ತಿರುಳು. ಇವತ್ತಿಗೂ ಜಪಾನಿನ ಯಾಕುಝಾ ಅನ್ನುವ ಪಾತಕಿ ಗುಂಪುಗಳು ರಕ್ತಸಂಬಂಧ ಇಲ್ಲದ ಇಬ್ಬರನ್ನು ಅಣ್ಣತಮ್ಮ ಮಾಡುವುದು, ನಾಯಕನನ್ನು ಅಪ್ಪ ಅಂತ ಒಪ್ಪಿಕೊಳ್ಳುವುದು ಸಾಕೆಯ ಬಟ್ಟಲು ಬದಲಾಯಿಸಿಯೇ. ಅಂದರೆ ಬಟ್ಟಲಿಗೆ ಹೊರಗಿನವರನ್ನು ಒಳಗಿನವರನ್ನಾಗಿ ಮಾಡುವ ಶಕ್ತಿ ಇದೆ ಅನ್ನುವ ನಂಬಿಕೆ ಅಲ್ಲಿ ಎಷ್ಟು ಆಳಕ್ಕೆ ಇಳಿದಿದೆ ನೋಡಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗುಡಿಯಲ್ಲಿ ಮದುವೆಯಾಗುವುದು ಜಪಾನಿನಲ್ಲಿ ಅಂಥ ಹಳೆಯ ಪದ್ಧತಿಯೇನೂ ಅಲ್ಲ. 1900ರ ಮೇ 10ರಂದು ಯುವರಾಜ ಯೋಶಿಹಿತೊ, ಮುಂದೆ ತೈಶೋ ಚಕ್ರವರ್ತಿಯಾದವರು, ಅರಮನೆಯ ಗುಡಿಯಲ್ಲಿ ದೇವರ ಮುಂದೆ ಮದುವೆಯಾದರು. ಜನ ಅದನ್ನು ಇಷ್ಟಪಟ್ಟರು. ಮರುವರ್ಷ ಟೋಕಿಯೊದ ಹಿಬಿಯಾ ದೈಜಿಂಗು ಗುಡಿಯವರು ಸಾಮಾನ್ಯ ಜನರಿಗೂ ಹೊಂದುವ ಕ್ರಮವನ್ನು ಮಾಡಿ ತೋರಿಸಿದರು. ಅದೇ ಗುಡಿ ಈಗ ಇಇದಾಬಾಶಿಯಲ್ಲಿ ಟೋಕಿಯೊ ದೈಜಿಂಗು ಅಂತ ಇದೆ, ಇವತ್ತಿಗೂ ಅಲ್ಲಿ ಮದುವೆ ನಡೆಯುತ್ತವೆ. ಅದಕ್ಕೂ ಮುಂಚೆ ಮದುವೆ ನಡೆಯುತ್ತಿದ್ದದ್ದು ಮನೆಯಲ್ಲಿ, ಹೆಚ್ಚಾಗಿ ಗಂಡಿನ ಮನೆಯಲ್ಲಿ, ಅರ್ಚಕರಿಲ್ಲದೆ. ಅಲ್ಲಿ ಮದುವೆ ಅಂದರೆ ಮುಖ್ಯವಾಗಿ ಈ ಬಟ್ಟಲೇ. ಹಾಗಾಗಿ ಗುಡಿ, ಮಂತ್ರ, ಉಂಗುರ ಎಲ್ಲ ಆಮೇಲೆ ಬಟ್ಟಲಿನ ಸುತ್ತ ಬಂದು ಸೇರಿಕೊಂಡವು. ನೆರೆಯ ಕೊರಿಯಾದ ಹಳೆಯ ಮದುವೆಯಲ್ಲೂ ಇದರ ಬಂಧುವಿದೆ: ಒಂದೇ ಸೋರೆಬುರುಡೆಯನ್ನು ಎರಡು ಹೋಳು ಮಾಡಿ ಗಂಡು ಹೆಣ್ಣು ಅದರಲ್ಲಿ ಕುಡಿಯುತ್ತಾರೆ. ಆ ಎರಡು ಹೋಳು ಒಂದಕ್ಕೊಂದು ಬಿಟ್ಟರೆ ಬೇರೆ ಯಾವುದಕ್ಕೂ ಕೂಡುವುದಿಲ್ಲ.

ಎಂಜಲಿನ ಮಾತು

ನಮ್ಮವರಿಗೆ ಅಡ್ಡ ಬರುವುದು ಇದೇ. ಲೋಟ ಎತ್ತಿ ಕುಡಿದು ಬೆಳೆದವರು ನಾವು. ಇನ್ನೊಬ್ಬರ ತುಟಿ ತಾಗಿದ್ದನ್ನು ಮುಟ್ಟದ ಮನೆಗಳು ಇನ್ನೂ ಎಷ್ಟೋ ಇವೆ. ಹಾಗಾಗಿ ಯಾರಾದರೂ ಅತ್ತೆಯೋ ಚಿಕ್ಕಮ್ಮನೋ "ಇಬ್ಬರಿಗೂ ಬೇರೆ ಬೇರೆ ಬಟ್ಟಲು ಕೊಡೋಕೆ ಆಗಲ್ವಾ?" ಅಂತ ಕೇಳಿಯೇ ಕೇಳುತ್ತಾರೆ. ಕೇಳಿದರೆ ಸಿಟ್ಟಾಗಬೇಡಿ. ಭೂಮದ ಊಟ ನೆನಪಿಸಿ. ಮದುವೆಯ ಮೇಲೆ ಗಂಡು ಹೆಣ್ಣನ್ನು ಒಟ್ಟಿಗೆ ಕೂರಿಸಿ ಒಂದೇ ಎಲೆಯಲ್ಲಿ ಉಣ್ಣಿಸುತ್ತಾರಲ್ಲ, ಒಬ್ಬರಿಗೊಬ್ಬರು ತುತ್ತು ಕೊಡುತ್ತಾರಲ್ಲ, ಆಗ ಎಂಜಲು ಅಂತ ಯಾರು ಅನ್ನುತ್ತಾರೆ? ಬೇರೆ ದಿನ ಬೇಡವಾದದ್ದನ್ನು ಅವತ್ತು ಬೇಕು ಅಂತಲೇ ಮಾಡಿಸುತ್ತೇವೆ. ನಿನ್ನ ಎಂಜಲು ನನಗೆ ಎಂಜಲಲ್ಲ ಅನ್ನುವುದನ್ನು ಬಾಯಲ್ಲಿ ಹೇಳದೆ ಉಂಡು ತೋರಿಸುವುದು ಅದು. ಜಪಾನಿನವರು ಅದನ್ನೇ ಕುಡಿದು ತೋರಿಸುತ್ತಾರೆ. ಕೊಡಗಿನ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಕೊಡವ ಮದುವೆಯ ಮುಹೂರ್ತದಲ್ಲಿ ಪುರೋಹಿತರಿರುವುದಿಲ್ಲ, ನೆಂಟರೇ ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿ ಅನ್ನುವ ಮೂತಿಯ ಪಾತ್ರೆಯಿಂದ ಒಂದು ಗುಟುಕು ಹಾಲು ಕುಡಿಸಿ ಹರಸುತ್ತಾರೆ.

ಬೇರೆ ಬೇರೆ ಬಟ್ಟಲು ಕೇಳಿದರೆ ಗುಡಿಯವರು ಏನಾದರೂ ವ್ಯವಸ್ಥೆ ಮಾಡಬಹುದು. ಆದರೂ ಕೇಳಬೇಡಿ ಅಂತಲೇ ನನ್ನ ಮಾತು. ಬಟ್ಟಲು ಕೈಯಿಂದ ಕೈಗೆ ಹೋಗದಿದ್ದರೆ ಆ ಶಾಸ್ತ್ರದಲ್ಲಿ ಉಳಿಯುವುದೇನು?

ಮನೆಯಲ್ಲಿ ಅಭ್ಯಾಸ

ಇದಕ್ಕೆ ದುಬಾರಿ ಸಾಮಾನು ಬೇಡ. ಮೂರು ಅಳತೆಯ ಸಾಸರ್ ತೆಗೆದುಕೊಳ್ಳಿ, ನೀರು ಹಾಕಿ, ಇಬ್ಬರೂ ಎದುರುಬದುರು ಅಲ್ಲ, ಪಕ್ಕಪಕ್ಕ ಕೂರಿ. ಮೂರನೆಯವರು ಮಿಕೊ ಆಗಲಿ. ನಾಲ್ಕೈದು ಸಲ ಮಾಡಿದರೆ ಸಾಕು, ಕೈಗೆ ಲಯ ಹತ್ತುತ್ತದೆ. ಗಮನ ಕೊಡಬೇಕಾದ್ದು ಒಂದು ಕಡೆ: ಬಟ್ಟಲನ್ನು ಬಾಯಿಯ ತನಕ ತನ್ನಿ, ಬಾಯನ್ನು ಬಟ್ಟಲಿನ ಹತ್ತಿರ ಒಯ್ಯಬೇಡಿ. ಯಾಕೆಂದರೆ ಮದುವೆಯ ದಿನ ಹೆಣ್ಣಿನ ತಲೆಯ ಮೇಲೆ ಭಾರದ ವಿಗ್, ಅದರ ಮೇಲೆ ಬಿಳಿ ಮುಸುಕು ಅಥವಾ ಬಟ್ಟೆ ಇರುತ್ತದೆ. ತಲೆ ಬಗ್ಗಿಸಿದರೆ ಎಲ್ಲ ಮುಂದಕ್ಕೆ ಜಗ್ಗುತ್ತದೆ. ಮೈಮೇಲಿನ ಮದುವೆಯ ಕಿಮೋನೋ, ಶಿರೊಮುಕು, ಪೂರ್ತಿ ಬಿಳಿ, ಒಂದು ಹನಿ ಬಿದ್ದರೂ ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊದಲು ಬಟ್ಟಲನ್ನು ಸಮವಾಗಿ ಎತ್ತಿ, ತುಟಿಗೆ ತಂದು, ಆಮೇಲೆ ಮಾತ್ರ ಸ್ವಲ್ಪ ವಾಲಿಸಿ.

ಕಿಮೋನೋದ ತೋಳು ಉದ್ದ. ಕೈ ಚಾಚಿದಾಗ ಅದು ಪಕ್ಕದ ಪೀಠಕ್ಕೆ ಸಿಕ್ಕಿಕೊಳ್ಳಬಹುದು. ಅಭ್ಯಾಸ ಮಾಡುವಾಗ ಹೆಗಲಿಗೆ ಒಂದು ದುಪಟ್ಟಾ ಇಳಿಬಿಟ್ಟುಕೊಂಡು ಮಾಡಿ, ಎಲ್ಲಿ ತೊಡಕಾಗುತ್ತದೆ ಅಂತ ಗೊತ್ತಾಗುತ್ತದೆ. ತುಟಿಯ ಬಣ್ಣ ಹಚ್ಚಿದ ಮೇಲೆ ಟಿಶ್ಯೂ ಕಚ್ಚಿ ಒತ್ತಿಬಿಡಿ, ಬಟ್ಟಲಿನ ಅಂಚಿಗೆ ಕೆಂಪು ಮೆತ್ತಿಕೊಳ್ಳುವುದು ಕಮ್ಮಿಯಾಗುತ್ತದೆ. ಮತ್ತೆ ಇನ್ನೊಂದು, ಅವಸರ ಮಾಡಬೇಡಿ. ಗಾಬರಿಯಾದಾಗ ಎಲ್ಲರೂ ವೇಗ ಜಾಸ್ತಿ ಮಾಡುತ್ತಾರೆ. ಮೊದಲ ಗುಟುಕಿಗೂ ಎರಡನೆಯದಕ್ಕೂ ನಡುವೆ ಒಂದು ಉಸಿರು ಬಿಡುವಷ್ಟು ಸಮಯ ಕೊಡಿ.

ಕುಡಿಯದವರು ಏನು ಮಾಡಬೇಕು

ಮದ್ಯ ಮುಟ್ಟದ ಮನೆ, ಧರ್ಮದ ಕಾರಣ, ಔಷಧಿ, ಗರ್ಭಿಣಿ, ಏನೇ ಇರಲಿ, ಕುಡಿಯಲೇಬೇಕು ಅಂತ ಇಲ್ಲ. ತುಟಿಗೆ ತಾಗಿಸಿದ ಹಾಗೆ ಮಾಡಿದರೆ ಸಾಕು, ಶಾಸ್ತ್ರ ಆದ ಹಾಗೇ. ಜಪಾನಿನಲ್ಲೇ ಕುಡಿಯದ ಜನ ಬೇಕಾದಷ್ಟಿದ್ದಾರೆ, ಅವರೂ ಹೀಗೇ ಮಾಡುವುದು. ಗುಡಿಯವರಿಗೆ ಮುಂಚೆ ತಿಳಿಸಿ, ಮಿಕೊ ಹೆಸರಿಗಷ್ಟು ಒಂದೆರಡು ಹನಿ ಹೊಯ್ಯುತ್ತಾರೆ. ಸಾಕೆ ಅಕ್ಕಿ, ನೀರು ಮತ್ತು ಅಕ್ಕಿಯ ಮೇಲೆ ಬೆಳೆಸಿದ ಕೋಜಿ ಬೂಷ್ಟಿನಿಂದ ಆಗುವುದು, ಮಾಂಸದ ಸೋಂಕು ಇರುತ್ತದೇನೋ ಅನ್ನುವ ಅನುಮಾನ ಬೇಡ. ಸುಮಾರು ಶೇಕಡಾ 15 ಮದ್ಯ ಇರುತ್ತದೆ, ಹಾಗಂತ ಬಟ್ಟಲಿಗೆ ಬೀಳುವುದು ಗುಟುಕಿನಷ್ಟು ಮಾತ್ರ.

ಸಾಕೆ ಬದಲು ನೀರು ಹಾಕಿಸೋಣ ಅಂತ ತಲೆಗೆ ಬರುತ್ತದೆ. ಇಲ್ಲಿ ಸ್ವಲ್ಪ ಜೋಪಾನ. ಜಪಾನಿನಲ್ಲಿ ನೀರಿನ ಬಟ್ಟಲು ಬದಲಾಯಿಸಿಕೊಳ್ಳುವುದು ಇನ್ನು ಮತ್ತೆ ಸಿಗುತ್ತೇವೋ ಇಲ್ಲವೋ ಅನ್ನುವ ಅಗಲಿಕೆಯ ಸಂಪ್ರದಾಯ. ಎರಡನೇ ಮಹಾಯುದ್ಧದಲ್ಲಿ ವಾಪಸ್ ಬರದ ಹಾರಾಟಕ್ಕೆ ಹೊರಟ ಸೈನಿಕರು ಕುಡಿದು ಹೋದದ್ದು ಅಂಥ ಬಟ್ಟಲಿನಲ್ಲಿ. ಕೇಳಿದರೆ ನೀರು ಕೊಡುವ ಕಡೆಗಳೂ ಇವೆ. ಆದರೆ ಬೀಗರ ಕಡೆ ಅಜ್ಜ ಅಜ್ಜಿ ಇದ್ದರೆ ಅವರ ಮನಸ್ಸಿಗೆ ಚುಚ್ಚಬಹುದು. ಅದಕ್ಕಿಂತ ಸಾಕೆಯನ್ನೇ ಹಾಕಿಸಿಕೊಂಡು ತುಟಿಗೆ ತಾಗಿಸಿ ಇಳಿಸುವುದು ಎಷ್ಟೋ ವಾಸಿ. ಮನೆಯಲ್ಲಿ ಅಭ್ಯಾಸಕ್ಕೆ ನೀರು ಹಾಕಿಕೊಂಡರೆ ಏನೂ ಇಲ್ಲ, ಅದು ಶಾಸ್ತ್ರವಲ್ಲ.

ಅಪ್ಪ ಅಮ್ಮನಿಗೆ

ಬಟ್ಟಲು ಗಂಡು ಹೆಣ್ಣಿಗೆ ಮಾತ್ರ ಅಂತ ನಮ್ಮ ಕಡೆಯ ಅಪ್ಪ ಅಮ್ಮ ಅಂದುಕೊಂಡಿರುತ್ತಾರೆ, ತಮ್ಮ ಸರದಿ ಬಂದಾಗ ಕಕ್ಕಾಬಿಕ್ಕಿಯಾಗುತ್ತಾರೆ. ಇದನ್ನು ಅವರಿಗೆ ಊರಿಂದ ಹೊರಡುವ ಮುಂಚೆಯೇ ಹೇಳಿ. ಕೊನೆಯ ಹೊತ್ತಿಗೆ ಎರಡೂ ಕುಟುಂಬದವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ಕೊಟ್ಟು ಸಾಕೆ ಹೊಯ್ಯುತ್ತಾರೆ. ಎಲ್ಲರಿಗೂ ಹೊಯ್ದು ಮುಗಿಯುವ ತನಕ ಯಾರೂ ಕುಡಿಯಬಾರದು. ಆಮೇಲೆ ಎಲ್ಲರೂ ಒಟ್ಟಿಗೆ, ಮೂರು ಗುಟುಕಿನಲ್ಲಿ. ಅಲ್ಲಿಗೆ ಎರಡು ಮನೆ ನೆಂಟರಾದ ಹಾಗೆ. ನನ್ನ ಮಟ್ಟಿಗೆ ಇಡೀ ಮದುವೆಯಲ್ಲಿ ಕಣ್ಣು ತುಂಬುವ ಗಳಿಗೆ ಇದು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದ ಬೀಗರು ಒಂದೇ ಹೊತ್ತಿಗೆ ಬಟ್ಟಲು ಎತ್ತುತ್ತಾರೆ.

ಮಕ್ಕಳಿದ್ದರೆ ತುಟಿಗೆ ತಾಗಿಸಿದ ಹಾಗೆ ಮಾಡಲಿ. ಜಪಾನಿನಲ್ಲಿ ಮದ್ಯಕ್ಕೆ 20 ವರ್ಷ ತುಂಬಿರಬೇಕು. 2022ರಲ್ಲಿ ಪ್ರಾಯಕ್ಕೆ ಬರುವ ವಯಸ್ಸನ್ನು 18ಕ್ಕೆ ಇಳಿಸಿದರೂ ಇದನ್ನು ಇಳಿಸಲಿಲ್ಲ. ಕಾರು ಓಡಿಸಿಕೊಂಡು ಹೋಗಬೇಕಾದವರು ಒಂದು ಗುಟುಕೂ ಕುಡಿಯಬಾರದು. ಕುಡಿದು ಓಡಿಸಿದವರಿಗೆ ಮಾತ್ರವಲ್ಲ, ಓಡಿಸುತ್ತಾರೆ ಅಂತ ಗೊತ್ತಿದ್ದೂ ಕುಡಿಸಿದವರಿಗೂ ಅಲ್ಲಿ ಶಿಕ್ಷೆ ಇದೆ.

ಬೆಂಗಳೂರಿನಲ್ಲೇ ಮಾಡುವುದಾದರೆ

ಕೆಲವರು ಮದುವೆ ಇಲ್ಲಿ ಮಾಡಿ, ಬೀಗರ ಸಂತೋಷಕ್ಕೆ ಈ ಶಾಸ್ತ್ರವನ್ನೂ ಸೇರಿಸಿಕೊಳ್ಳೋಣ ಅನ್ನುತ್ತಾರೆ. ಒಳ್ಳೆಯ ಯೋಚನೆ. ಅರ್ಚಕರು, ಮಿಕೊ ಇಲ್ಲದಿದ್ದರೂ ನಡೆಯುತ್ತದೆ, ಹಿಂದೆ ಮನೆಗಳಲ್ಲಿ ಹಾಗೇ ಅಲ್ವಾ ಇದ್ದದ್ದು. ಆಗೆಲ್ಲ ಒಬ್ಬ ಹುಡುಗ, ಒಬ್ಬಳು ಹುಡುಗಿ ಸಾಕೆ ಹೊಯ್ಯುತ್ತಿದ್ದರು, ಚೋಶಿಯ ಮೇಲಿನ ಗಂಡು ಚಿಟ್ಟೆ ಹೆಣ್ಣು ಚಿಟ್ಟೆಯ ಹೆಸರಿನಲ್ಲೇ ಅವರನ್ನು ಕರೆಯುತ್ತಿದ್ದರು. ಅಕ್ಕನ ಮಗ, ಅಣ್ಣನ ಮಗಳು ಅಂತ ಮನೆಯ ಮಕ್ಕಳಿಬ್ಬರನ್ನು ಕೂರಿಸಿದರೆ ಅಜ್ಜಿಯರಿಗೆಲ್ಲ ಖುಷಿ. ಬಟ್ಟಲಿನ ಸೆಟ್ಟನ್ನು ಬೀಗರಿಗೇ ತರಲು ಹೇಳಿ, ಎಷ್ಟೋ ಮನೆಯಲ್ಲಿ ಇರುತ್ತದೆ, ಮನೆಯದೇ ಆದರೆ ಇನ್ನೂ ಚಂದ.

ಕಲ್ಯಾಣ ಮಂಟಪದಲ್ಲಿ ಮದ್ಯ ತರುವಂತಿಲ್ಲ ಅನ್ನುವ ಷರತ್ತು ಸಾಮಾನ್ಯ. ಕದ್ದುಮುಚ್ಚಿ ತರುವುದು ಬೇಡವೇ ಬೇಡ. ಅಮಜಾಕೆ ಅಂತ ಇದೆ, ಅಕ್ಕಿ ಮತ್ತು ಕೋಜಿಯಿಂದ ಮಾಡುವ ಸಿಹಿ ಪಾನೀಯ, ಗಂಜಿಯ ಹಾಗೆ ಸ್ವಲ್ಪ ಮಂದ. ಕೋಜಿಯಿಂದ ಮಾಡಿದ್ದರಲ್ಲಿ ಮದ್ಯ ಇರುವುದಿಲ್ಲ. ಸಾಕೆಯ ಗಸಿಯಿಂದ ಮಾಡುವ ಇನ್ನೊಂದು ಬಗೆಯೂ ಇದೆ, ಅದರಲ್ಲಿ ಸ್ವಲ್ಪ ಇರಬಹುದು, ಹಾಗಾಗಿ ಬಾಟಲಿ ಓದಿಸಿ ನೋಡಿ. ಧಾರೆಯ ಗಲಾಟೆಯ ನಡುವೆ ಇದನ್ನು ತುರುಕಬೇಡಿ. ಹಿಂದಿನ ಸಂಜೆ, ವರಪೂಜೆಗೆ ಮುಂಚೆ, ವಾಲಗ ಶುರುವಾಗುವ ಮೊದಲೇ ಒಂದು ಅರ್ಧ ಗಂಟೆ ಇಟ್ಟುಕೊಳ್ಳಿ. ಏನು ನಡೆಯುತ್ತಿದೆ ಅಂತ ಕನ್ನಡದಲ್ಲಿ ನಾಲ್ಕು ಮಾತು ಹೇಳುವವರು ಒಬ್ಬರಿರಲಿ, ಇಲ್ಲದಿದ್ದರೆ ಜನ ಮೊಬೈಲ್ ಎತ್ತಿಕೊಂಡು ಮುಂದೆ ನುಗ್ಗುತ್ತಾರೆ.

ಜಪಾನಿನ ಗುಡಿಯಲ್ಲಾದರೆ ಫೋಟೋ ವಿಷಯವನ್ನು ಮೊದಲೇ ಕೇಳಿಕೊಳ್ಳಿ, ಶಾಸ್ತ್ರ ನಡೆಯುವಾಗ ಅವರ ಫೋಟೋಗ್ರಾಫರ್ ಬಿಟ್ಟು ಬೇರೆಯವರು ತೆಗೆಯಬಾರದು ಅನ್ನುವ ಗುಡಿಗಳಿವೆ. ಒಳಗೆ ಎಷ್ಟು ಜನ ಕೂರಬಹುದು ಅಂತಲೂ ಕೇಳಿ, ಕೆಲವು ಕಡೆ ಹತ್ತಿರದ ನೆಂಟರಿಗೆ ಮಾತ್ರ ಜಾಗ. ಮತ್ತೆ, ಗುಡಿಯಲ್ಲಿ ಬಟ್ಟಲು ಕುಡಿದ ಮಾತ್ರಕ್ಕೆ ಜಪಾನಿನ ಕಾನೂನಿನಲ್ಲಿ ಮದುವೆ ಆಗುವುದಿಲ್ಲ. ಊರಿನ ಸರ್ಕಾರಿ ಕಚೇರಿಯಲ್ಲಿ ಮದುವೆಯ ಅರ್ಜಿ ಕೊಟ್ಟು ಅದು ದಾಖಲಾಗಬೇಕು. ನಮ್ಮ ಕಡೆಯವರಿಗೆ ಭಾರತದ ಕಾಗದಪತ್ರ, ಅವುಗಳ ಜಪಾನಿ ಅನುವಾದ ಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಗುಡಿಯ ದಿನಾಂಕ ಗೊತ್ತಾದ ಕೂಡಲೇ ಆ ಕೆಲಸ ಶುರು ಮಾಡಿ.